ಸನದು ನಮ್ಮದು, ಧ್ವನಿ ಯಾರದು?

ಆಕಾಶದ ಅಲೆಗಳು ಯಾರ ಸ್ವತ್ತು? 1995ರ ಫೆಬ್ರವರಿ 9ರಂದು ಸುಪ್ರೀಮ್ ಕೋರ್ಟು ಈ ಪ್ರಶ್ನೆಗೆ ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಉತ್ತರಿಸಿತು. ಬಂಗಾಳದ ಕ್ರಿಕೆಟ್ ಸಂಸ್ಥೆ ಮತ್ತು ಕೇಂದ್ರದ ವಾರ್ತಾ ಹಾಗೂ ಪ್ರಸಾರ ಸಚಿವಾಲಯದ ನಡುವೆ ಪಂದ್ಯಗಳ ಪ್ರಸಾರದ ಹಕ್ಕಿಗಾಗಿ ಎದ್ದಿದ್ದ ವ್ಯಾಜ್ಯವದು. ಪ್ರಸಾರ ತರಂಗಗಳು ಸಾರ್ವಜನಿಕರ ಸ್ವತ್ತು. ಅವು ಸರಕಾರದ ಏಕಸ್ವಾಮ್ಯಕ್ಕೂ ಒಳಪಡಬಾರದು, ಹಣವಂತರ ಮುಷ್ಟಿಗೂ ಸಿಲುಕಬಾರದು ಎಂಬುದು ಆ ತೀರ್ಪಿನ ತಿರುಳು. ಮೂರು ದಶಕಗಳು ಉರುಳಿವೆ. ಸ್ವತ್ತಿನ ಒಡೆಯನಾದ ಪ್ರಜೆಗೆ ತನ್ನ ಒಡೆತನದ ಅರಿವೇ ಇಲ್ಲ. ಪಾರುಪತ್ಯಗಾರನೋ ತಾನೇ ಒಡೆಯನೆಂಬಂತೆ ವರ್ತಿಸುತ್ತಿದ್ದಾನೆ.

ಆ ಪಾರುಪತ್ಯಗಾರನ ಹೆಸರು ಪ್ರಸಾರ ಭಾರತಿ. ಆಕಾಶವಾಣಿ ಮತ್ತು ದೂರದರ್ಶನಗಳು ಈ ನಿಗಮದ ಎರಡು ಅಂಗಗಳು. 1990ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೇ ಇದರ ಸನದು. ನಮ್ಮ ಅಜ್ಜಂದಿರ ಕಾಲದಲ್ಲಿ ಸನದು ಎಂದರೆ ಇನಾಮು ಭೂಮಿಗೆ ಸಿಗುತ್ತಿದ್ದ ಹಕ್ಕುಪತ್ರ. ಅದರಲ್ಲಿ ಹಕ್ಕಿನ ಜೊತೆಗೆ ಷರತ್ತೂ ಇರುತ್ತಿತ್ತು. ಪ್ರಸಾರ ಭಾರತಿಯ ಸನದಿನಲ್ಲಿಯೂ ಷರತ್ತುಗಳಿವೆ. ಕಾಯಿದೆಯ 12ನೇ ಸೆಕ್ಷನ್ ಅವುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದೆ. ಜನರಿಗೆ ಮಾಹಿತಿ, ಶಿಕ್ಷಣ ಮತ್ತು ಮನರಂಜನೆ ನೀಡುವುದು ನಿಗಮದ ಆದ್ಯ ಕರ್ತವ್ಯ. ಸ್ವತಂತ್ರವಾದ, ಸತ್ಯವಾದ, ವಸ್ತುನಿಷ್ಠವಾದ ಮಾಹಿತಿ ಪಡೆಯುವ ಪ್ರಜೆಯ ಹಕ್ಕನ್ನು ಅದು ಕಾಪಾಡಬೇಕು. ಭಿನ್ನಾಭಿಪ್ರಾಯಗಳಿಗೂ ಸ್ಥಳ ನೀಡಬೇಕು. ತನ್ನದೇ ಆದ ಯಾವ ಸಿದ್ಧಾಂತವನ್ನೂ ಪ್ರತಿಪಾದಿಸಬಾರದು. ಸಾಮಾಜಿಕ ನ್ಯಾಯವನ್ನು ಪೋಷಿಸಬೇಕು, ಅಸ್ಪೃಶ್ಯತೆಯಂತಹ ಪಿಡುಗುಗಳ ವಿರುದ್ಧ ಹೋರಾಡಬೇಕು. ಗ್ರಾಮೀಣ ಮತ್ತು ದುರ್ಬಲ ಜನವರ್ಗಗಳಿಗೆ, ಗಡಿ ಪ್ರದೇಶದವರಿಗೆ, ಹಿಂದುಳಿದ ಮತ್ತು ದೂರದ ಪ್ರದೇಶಗಳ ವಾಸಿಗಳಿಗೆ ಸೇವೆ ಸಲ್ಲಿಸಬೇಕು. ಅಲ್ಪಸಂಖ್ಯಾತರ ಮತ್ತು ಬುಡಕಟ್ಟು ಸಮುದಾಯಗಳ ವಿಶೇಷ ಅಗತ್ಯಗಳನ್ನು ಗಮನದಲ್ಲಿರಿಸಿ ಕಾರ್ಯಕ್ರಮ ರೂಪಿಸಬೇಕು. ಪ್ರತಿ ರಾಜ್ಯದಲ್ಲಿಯೂ ಆ ರಾಜ್ಯದ ಭಾಷೆಗಳಲ್ಲಿ ಪ್ರಸಾರ ಸೇವೆ ದೊರೆಯುವಂತೆ ಮಾಡಬೇಕು.

ಇವು ಯಾವುದೇ ಪಕ್ಷದ ಚುನಾವಣಾ ಪ್ರಣಾಳಿಕೆಯ ಭರವಸೆಗಳಲ್ಲ. ಸಂಸತ್ತು ಮಾಡಿದ ಶಾಸನದ ವಿಧಿಗಳು. ಹಾಗಿದ್ದರೆ ಈ ವಿಧಿಗಳು ಪಾಲನೆಯಾಗುತ್ತಿವೆಯೇ ಎಂದು ಪರೀಕ್ಷಿಸುವುದು ಎಲ್ಲಿ? ದೆಹಲಿಯ ಪ್ರಸಾರ ಭವನದಲ್ಲಿ ಖಂಡಿತ ಅಲ್ಲ. ಠಾಣಾ ಕುಶನೂರಿನಂತಹ ಊರಿನಲ್ಲಿ ಪರೀಕ್ಷಿಸಬೇಕೆಂಬುದು ನಮ್ಮ ವಾದ.

ಬೀದರ್ ಜಿಲ್ಲೆಯ ಈ ಹೋಬಳಿ ಕೇಂದ್ರ ಮೊದಲು ಔರಾದ್ ತಾಲ್ಲೂಕಿನಲ್ಲಿತ್ತು, ಈಗ ಕಮಲನಗರ ತಾಲ್ಲೂಕಿನಲ್ಲಿದೆ. ಸನದಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಈ ಊರನ್ನು ನೋಡಿರಿ. ಗಡಿ ಪ್ರದೇಶವೇ? ಹೌದು, ಮಹಾರಾಷ್ಟ್ರದ ಗಡಿ ಹತ್ತಿರದಲ್ಲಿಯೇ ಇದೆ. ಇತ್ತಲಿನವರಿಗೆ ಉದಗೀರದ ಪೇಟೆ ಅಪರಿಚಿತವಲ್ಲ. ಹಿಂದುಳಿದ ಪ್ರದೇಶವೇ? ಪ್ರಾದೇಶಿಕ ಅಸಮತೋಲನದ ಕುರಿತು 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಔರಾದ್ ತಾಲ್ಲೂಕನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ನಿಲ್ಲಿಸಿತು. ಈ ಭಾಗಕ್ಕಾಗಿಯೇ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಬೇಕಾಯಿತು. ಗ್ರಾಮೀಣವೇ? ತೊಗರಿ, ಉದ್ದು, ಸೋಯಾ ಬೆಳೆದು ಮಳೆಯ ದಾರಿ ನೋಡುವ ರೈತರ ನಾಡಿದು. ಭಾಷೆಗಳ ವೈವಿಧ್ಯವೇ? ಕನ್ನಡ, ಮರಾಠಿ, ದಖನಿ ಉರ್ದು, ಲಂಬಾಣಿ ಇಲ್ಲಿನ ಸಂತೆಯ ಮಾತುಗಳು. ಅಲ್ಪಸಂಖ್ಯಾತರಿರುವರೇ? ಜಿಲ್ಲೆಯ ಎಲ್ಲ ಊರು ಪೇಟೆಗಳಲ್ಲಿಯೂ ಇದ್ದಾರೆ. ಸನದು ಹೆಸರಿಸಿರುವ ಇಷ್ಟೊಂದು ಲಕ್ಷಣಗಳು ಒಟ್ಟಾಗಿ ಕೂಡಿರುವ ಸ್ಥಳಗಳು ಈ ದೇಶದಲ್ಲಿ ವಿರಳ. ರಾಷ್ಟ್ರೀಯ ಪ್ರಸಾರಕನ ಮೇಲೆ ಮೊದಲ ಹಕ್ಕು ಯಾರಿಗಾದರೂ ಇದ್ದರೆ ಅದು ಇಂತಹ ಊರಿನವರಿಗೆ. ಆದರೆ ರಾಷ್ಟ್ರೀಯ ಪ್ರಸಾರದಲ್ಲಿ ಈ ಊರಿನವರ ಧ್ವನಿಯನ್ನು ಹುಡುಕಿ ನೋಡಿರಿ. ದೆಹಲಿಯ ಮಾತು ಇಲ್ಲಿಗೆ ಇಳಿದು ಬರುತ್ತದೆ, ಇಲ್ಲಿನ ಮಾತು ಮೇಲೇರುವುದಿಲ್ಲ.

ಧ್ವನಿಯಿಲ್ಲದ ಜಾಗದಲ್ಲಿ ಏನು ತುಂಬಿಕೊಳ್ಳುತ್ತದೆ ಎಂಬುದನ್ನು ಇದೇ ಸೀಮೆ ರಕ್ತದ ಬೆಲೆ ತೆತ್ತು ಕಲಿತಿದೆ. 2018ರ ಜುಲೈ 13ರಂದು ಕಮಲನಗರದ ಬಳಿಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ತಂತ್ರಜ್ಞನನ್ನು ಗುಂಪೊಂದು ಹೊಡೆದು ಕೊಂದಿತು. ಆತನ ಸಂಗಡಿಗರು ಮಕ್ಕಳಿಗೆ ಮಿಠಾಯಿ ಕೊಟ್ಟದ್ದೇ ಅಪರಾಧವಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರನ್ನು ತಲುಪಿತು. ಆ ವರ್ಷ ದೇಶದ ಹಲವೆಡೆ ಇದೇ ವದಂತಿ ಅಮಾಯಕರನ್ನು ಬಲಿ ತೆಗೆದುಕೊಂಡಿತ್ತು. ಕೊಲೆಯ ಹೊಣೆ ಕೊಂದವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಜನ ದಿನವೂ ಕೇಳುವ, ನಂಬುವ, ಅವರದೇ ಭಾಷೆಯ ಒಂದು ಸಾರ್ವಜನಿಕ ಧ್ವನಿ ಇದ್ದು, ಈ ಸುದ್ದಿ ಸುಳ್ಳು ಎಂದು ಅದು ಬೆಳಗ್ಗೆ, ಸಂಜೆ ಸಾರುತ್ತಿದ್ದರೆ ಆ ಗುಂಪಿನಲ್ಲಿ ಹತ್ತು ಮಂದಿಯಾದರೂ ಕೈ ತಡೆಯುತ್ತಿದ್ದರಲ್ಲವೇ? ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ, ತಿಳಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಬಾರದೆಂದು ಸೂರಃ ಅಲ್ ಹುಜುರಾತ್ ವಿಶ್ವಾಸಿಗಳನ್ನು ಎಚ್ಚರಿಸುತ್ತದೆ. ಸುದ್ದಿಯ ಸತ್ಯಾಸತ್ಯತೆ ಮನುಷ್ಯನ ಪ್ರಾಣದ ಪ್ರಶ್ನೆ ಎಂಬುದಕ್ಕೆ ಮುರ್ಕಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಸಾರ ಮಾಧ್ಯಮವನ್ನು ಪ್ರಭುತ್ವ ತನ್ನ ತುತ್ತೂರಿಯಾಗಿಸಿಕೊಳ್ಳುವುದು ಇಂದು ನಿನ್ನೆಯ ರೋಗವಲ್ಲ. ನಮ್ಮ ಬೀದರ್ ಸೀಮೆಯ ಹಿರಿಯರು ಮೊದಲು ಕೇಳಿದ್ದು ನಿಜಾಮ ಸಂಸ್ಥಾನದ ಹೈದರಾಬಾದ್ ರೇಡಿಯೋವನ್ನು. 1948ರ ಸಪ್ಟೆಂಬರಿನಲ್ಲಿ ಸಂಸ್ಥಾನ ಕುಸಿಯುತ್ತಿದ್ದಾಗ ಪ್ರಜೆಗಳಿಗೆ ಅವರ ಭವಿಷ್ಯವನ್ನು ತಿಳಿಸಿದ್ದು ಕೂಡಾ ಅದೇ ರೇಡಿಯೋದಲ್ಲಿ ಬಂದ ನಿಜಾಮರ ಧ್ವನಿ. ಪ್ರಜೆಗಳನ್ನು ಕೇಳಿ ನಿರ್ಧರಿಸಿದ್ದು ಯಾವುದೂ ಇರಲಿಲ್ಲ, ನಿರ್ಧರಿಸಿದ ಬಳಿಕ ಕೇಳಿಸಲಾಯಿತು, ಅಷ್ಟೇ. ಅರಸೊತ್ತಿಗೆಯಲ್ಲಿ ಅದು ಸಹಜ. ಆದರೆ ಪ್ರಜಾಪ್ರಭುತ್ವ ಬಂದ ಮೇಲೆ? 1975ರಿಂದ 1977ರ ತುರ್ತುಪರಿಸ್ಥಿತಿಯಲ್ಲಿ ಆಲ್ ಇಂಡಿಯಾ ರೇಡಿಯೋವನ್ನು ಜನರು ಆಲ್ ಇಂದಿರಾ ರೇಡಿಯೋ ಎಂದು ಗೇಲಿ ಮಾಡಿದರು. ಸರಕಾರದ ಇಚ್ಛೆಗೆ ಬಗ್ಗದ ಕಿಶೋರ್ ಕುಮಾರರ ಹಾಡುಗಳು ಕೂಡಾ ಆಕಾಶವಾಣಿಯಿಂದ ಮಾಯವಾದವು. ಈ ಕಹಿ ಅನುಭವದಿಂದಲೇ ಬಿ.ಜಿ. ವರ್ಗೀಸ್ ನೇತೃತ್ವದ ಸಮಿತಿ ನೇಮಕವಾಯಿತು. 1978ರಲ್ಲಿ ಅದು ಆಕಾಶ ಭಾರತಿ ಎಂಬ ಸ್ವಾಯತ್ತ ನ್ಯಾಸವನ್ನು ಶಿಫಾರಸು ಮಾಡಿತು. ಜನತಾ ಸರಕಾರ 1979ರಲ್ಲಿ ತಂದ ಮಸೂದೆ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ವಿ.ಪಿ. ಸಿಂಗ್ ಸರಕಾರದ ಅವಧಿಯಲ್ಲಿ 1990ರಲ್ಲಿ ಕಾಯಿದೆ ಆಯಿತು. ಆದರೆ ಅದನ್ನು ಜಾರಿಗೊಳಿಸಲು ಬೇಕಾದದ್ದು ಮತ್ತೆ ಏಳು ವರ್ಷ! ಬಳಿಕ ಬಂದ ಸರಕಾರಗಳು ಅದನ್ನು ಕಪಾಟಿನಲ್ಲಿಟ್ಟವು. 1997ರ ನವೆಂಬರ್ 23ರಂದು ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂತು. ವಿರೋಧ ಪಕ್ಷದಲ್ಲಿರುವಾಗ ಸ್ವಾಯತ್ತೆಯ ಮಂತ್ರ, ಅಧಿಕಾರಕ್ಕೇರಿದ ಮೇಲೆ ಹತೋಟಿಯ ತಂತ್ರ. ಇದರಲ್ಲಿ ಪಕ್ಷಭೇದವಿಲ್ಲ.

ಆದುದರಿಂದ ಇಂದಿನ ಕೇಂದ್ರ ಸರಕಾರವನ್ನು ಮಾತ್ರ ದೂರುವುದು ನ್ಯಾಯವಾಗದು. ಆದರೆ ಹಿಂದಿನವರ ತಪ್ಪು ಇಂದಿನವರಿಗೆ ಪರವಾನಿಗೆಯೂ ಆಗದು. 2014ರ ಅಕ್ಟೋಬರ್ 3ರಂದು ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತರ ವಿಜಯದಶಮಿ ಭಾಷಣವನ್ನು ದೂರದರ್ಶನ ನೇರಪ್ರಸಾರ ಮಾಡಿತು. 2017ರ ಸ್ವಾತಂತ್ರ್ಯ ದಿನದಂದು ತ್ರಿಪುರಾದ ಅಂದಿನ ಮುಖ್ಯಮಂತ್ರಿ ಮಾಣಿಕ್ ಸರ್ಕಾರರ ಭಾಷಣವನ್ನು ತಿದ್ದದ ಹೊರತು ಪ್ರಸಾರ ಮಾಡಲಾಗದೆಂದು ಅದೇ ಸಂಸ್ಥೆಗಳು ಹೇಳಿದವು. ಚುನಾಯಿತ ಮುಖ್ಯಮಂತ್ರಿಗಿಲ್ಲದ ಅವಕಾಶ ಯಾವ ಸಾಂವಿಧಾನಿಕ ಹುದ್ದೆಯೂ ಇಲ್ಲದ ಸಂಘಟನೆಯ ನಾಯಕನಿಗೆ! 2024ರ ಏಪ್ರಿಲ್ 5ರಂದು, ಕೇರಳದ ಲೋಕಸಭಾ ಮತದಾನಕ್ಕೆ ಮೂರು ವಾರವಿರುವಾಗ, ದೂರದರ್ಶನವು 'ದ ಕೇರಳ ಸ್ಟೋರಿ' ಚಲನಚಿತ್ರವನ್ನು ಪ್ರಸಾರ ಮಾಡಿತು. 32 ಸಾವಿರ ಮಹಿಳೆಯರು ಮತಾಂತರಗೊಂಡರೆಂಬ ಅಂಕಿಗೆ ಅಧಿಕೃತ ಆಧಾರವಿಲ್ಲವೆಂಬ ಸೂಚನೆಯನ್ನು ಸೇರಿಸಲು ನಿರ್ಮಾಪಕರೇ 2023ರಲ್ಲಿ ಸುಪ್ರೀಮ್ ಕೋರ್ಟಿನ ಮುಂದೆ ಒಪ್ಪಿದ ಚಿತ್ರವದು. ಕೇರಳದ ಮುಖ್ಯಮಂತ್ರಿಯೂ ವಿರೋಧ ಪಕ್ಷದ ನಾಯಕರೂ ಒಂದೇ ಸ್ವರದಲ್ಲಿ ಆಕ್ಷೇಪಿಸಿದರು. ಪ್ರಸಾರ ನಿಲ್ಲಲಿಲ್ಲ. ಖಾಸಗಿ ಚಾನೆಲ್ ಒಂದು ಅದನ್ನು ತೋರಿಸಿದ್ದರೆ ವ್ಯಾಪಾರವೆಂದು ಬಿಡಬಹುದಿತ್ತು. ಸತ್ಯ, ವಸ್ತುನಿಷ್ಠೆ, ಅಲ್ಪಸಂಖ್ಯಾತರ ವಿಶೇಷ ಅಗತ್ಯ ಎಂದು ತನ್ನ ಸನದಿನಲ್ಲಿ ಬರೆದುಕೊಂಡಿರುವ ಸಂಸ್ಥೆ ಹೀಗೆ ಮಾಡಿದರೆ ಅದನ್ನು ಏನೆನ್ನಬೇಕು?

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ಕಾಯಿದೆ ಇಷ್ಟು ಸ್ಪಷ್ಟವಾಗಿರುವಾಗ ಉಲ್ಲಂಘನೆಯನ್ನು ತಡೆಯುವವರು ಯಾರೂ ಇಲ್ಲವೇ? ಇದ್ದಾರೆ, ಆದರೆ ಕಾಗದದ ಮೇಲೆ. 13ನೇ ಸೆಕ್ಷನ್ ಪ್ರಕಾರ ಲೋಕಸಭೆಯ 15 ಮತ್ತು ರಾಜ್ಯಸಭೆಯ 7 ಸದಸ್ಯರ ಸಂಸದೀಯ ಸಮಿತಿಯೊಂದು ನಿಗಮದ ಮೇಲೆ ಕಣ್ಣಿಡಬೇಕು. 14ನೇ ಸೆಕ್ಷನ್ ಪ್ರಕಾರ ಶ್ರೋತೃಗಳ ಮತ್ತು ವೀಕ್ಷಕರ ದೂರುಗಳನ್ನು ವಿಚಾರಿಸಲು ಪ್ರಸಾರ ಮಂಡಲಿ ಇರಬೇಕು. ಕಾಯಿದೆ ಜಾರಿಯಾಗಿ ಕಾಲು ಶತಮಾನ ದಾಟಿದರೂ ಈ ಎರಡೂ ಸಂಸ್ಥೆಗಳು ಜೀವ ತಳೆದು ಕೆಲಸ ಮಾಡಲಿಲ್ಲ. ಬಾಗಿಲಿಗೆ ಚಿಲಕವಿದೆ, ಕಾವಲುಗಾರನ ಕೋಣೆಯೂ ಇದೆ, ಕಾವಲುಗಾರನೇ ಇಲ್ಲ. 23ನೇ ಸೆಕ್ಷನ್ ಸರಕಾರಕ್ಕೆ ನಿರ್ದೇಶನ ನೀಡುವ ಅಧಿಕಾರ ಕೊಟ್ಟಿದೆ. ಆದರೆ ಅಂತಹ ಪ್ರತಿಯೊಂದು ನಿರ್ದೇಶನದ ಪ್ರತಿಯನ್ನೂ ಸಂಸತ್ತಿನ ಮುಂದಿಡಬೇಕು. ಇದು ಸರಕಾರದ ನಿರ್ದೇಶನದ ಮೇರೆಗೆ ಮಾಡುತ್ತಿರುವ ಪ್ರಸಾರ ಎಂದು ಶ್ರೋತೃಗಳಿಗೆ ತಿಳಿಸುವ ಸ್ವಾತಂತ್ರ್ಯವೂ ನಿಗಮಕ್ಕಿದೆ. ಎಷ್ಟು ಸುಂದರ ವ್ಯವಸ್ಥೆ! ಆದರೆ ಸಿಬ್ಬಂದಿಯ ಸಂಬಳಕ್ಕೆ ಸಚಿವಾಲಯದ ಅನುದಾನವನ್ನೇ ನೆಚ್ಚಿರುವ ಸಂಸ್ಥೆಗೆ ಲಿಖಿತ ನಿರ್ದೇಶನದ ಅಗತ್ಯವಾದರೂ ಏನಿದೆ? ಅನ್ನ ಹಾಕುವವನ ಹುಬ್ಬಿನ ಸನ್ನೆಯೇ ಸಾಕು. ಸ್ಯಾಮ್ ಪಿತ್ರೋಡಾ ಸಮಿತಿ 2014ರ ಜನವರಿಯಲ್ಲಿ ನೀಡಿದ ವರದಿಯಲ್ಲಿ ಆರ್ಥಿಕ ಮತ್ತು ಆಡಳಿತಾತ್ಮಕ ಸ್ವಾಯತ್ತೆಯನ್ನು ಒತ್ತಿ ಹೇಳಿತ್ತು. ಆ ವರದಿಗೂ ಹಿಂದಿನ ವರದಿಗಳ ಗತಿಯೇ ಆಯಿತು.

ಬ್ರಿಟನ್ನಿನ ಬಿಬಿಸಿಯೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಮಾಹಿತಿ, ಶಿಕ್ಷಣ, ಮನರಂಜನೆ ಎಂಬ ಮೂರು ಪದಗಳು ನಮ್ಮ ಸನದಿಗೆ ಬಂದದ್ದು ಅಲ್ಲಿಂದಲೇ. ಬಿಬಿಸಿಯ ಮೊದಲ ರಾಜಸನದು 1927ರ ಜನವರಿ 1ರಿಂದ ಜಾರಿಗೆ ಬಂತು. ಆದರೆ ಆ ಸನದಿಗೆ ಕೊನೆಯ ದಿನಾಂಕವಿರುತ್ತದೆ. 2017ರಲ್ಲಿ ಆರಂಭವಾದ ಸನದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸುಮಾರು ಹತ್ತು ವರ್ಷಕ್ಕೊಮ್ಮೆ ಆ ದೇಶ ತನ್ನ ಪ್ರಸಾರಕನನ್ನು ಮುಂದೆ ನಿಲ್ಲಿಸಿ, ನೀನು ಯಾರಿಗಾಗಿ ಇರುವೆ, ಕೊಟ್ಟ ಮಾತನ್ನು ಉಳಿಸಿಕೊಂಡೆಯಾ ಎಂದು ಕೇಳುತ್ತದೆ. ಜನಾಭಿಪ್ರಾಯ ಸಂಗ್ರಹಿಸುತ್ತದೆ, ಸಂಸತ್ತಿನಲ್ಲಿ ಚರ್ಚಿಸುತ್ತದೆ. ಬಿಬಿಸಿ ನಿಷ್ಕಳಂಕವೆಂದು ನಾವು ಹೇಳುವುದಿಲ್ಲ. ಇರಾಕ್ ಯುದ್ಧದ ವರದಿಗಾರಿಕೆಯ ಸಂಬಂಧ ಸರಕಾರದೊಂದಿಗೆ ಸಂಘರ್ಷವಾಗಿ 2004ರಲ್ಲಿ ಅದರ ಅಧ್ಯಕ್ಷರೂ ಮಹಾನಿರ್ದೇಶಕರೂ ರಾಜೀನಾಮೆ ನೀಡಬೇಕಾಯಿತು. ಒತ್ತಡ ಅಲ್ಲಿಯೂ ಇದೆ, ಆದರೆ ಲೆಕ್ಕ ಕೇಳುವ ಸಂಪ್ರದಾಯವೂ ಇದೆ. ನಮ್ಮ ಸನದಿಗೆ ಕೊನೆಯ ದಿನಾಂಕವಿಲ್ಲ, ಆದುದರಿಂದ ಲೆಕ್ಕ ಕೇಳುವ ದಿನವೂ ಬರುವುದಿಲ್ಲ.

ಸರಕಾರಿ ಪ್ರಸಾರ ಹಾಳಾದರೆ ಹಾಳಾಗಲಿ, ಖಾಸಗಿ ಚಾನೆಲುಗಳಿವೆಯಲ್ಲ ಎನ್ನುವವರೂ ಇದ್ದಾರೆ. ಇವರು 2020ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳನ್ನು ಮರೆತಿದ್ದಾರೆ. ಒಂದು ರೋಗಾಣುವಿಗೆ ಧರ್ಮದ ಹೆಸರಿಟ್ಟು ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಿದ್ದು ಖಾಸಗಿ ಚಾನೆಲುಗಳೇ. ಆ ವರ್ಷ ಆಗಸ್ಟಿನಲ್ಲಿ ವಿದೇಶಿ ತಬ್ಲೀಗ್ ಕಾರ್ಯಕರ್ತರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸುತ್ತಾ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಅವರನ್ನು ಬಲಿಪಶುಗಳನ್ನಾಗಿಸಲಾಯಿತೆಂದೂ ಮಾಧ್ಯಮಗಳಲ್ಲಿ ಅಪಪ್ರಚಾರ ನಡೆಯಿತೆಂದೂ ಹೇಳಬೇಕಾಯಿತು. ತೀರ್ಪು ಬಂದಾಗ ಚಾನೆಲುಗಳ ಕೂಗು ಬೇರೆ ವಿಷಯಕ್ಕೆ ಹೊರಳಿತ್ತು. ಜಾಹೀರಾತಿನ ಹಣವನ್ನೇ ನಂಬಿರುವ ಚಾನೆಲಿಗೆ ಕಮಲನಗರದ ತೊಗರಿ ಬೆಳೆಗಾರನಿಂದಾಗಲೀ ಬೀಡಿ ಕಟ್ಟುವ ತಾಯಿಯಿಂದಾಗಲೀ ಲಾಭವಿಲ್ಲ. ಲಾಭವಿಲ್ಲದವರಿಗೂ ಸಲ್ಲಬೇಕಾದ ಸೇವೆಗಾಗಿಯೇ ಸಾರ್ವಜನಿಕ ಪ್ರಸಾರ ಇರುವುದು. ಅದರಲ್ಲಿಯೂ ರೇಡಿಯೋದ ಸ್ಥಿತಿ ವಿಶಿಷ್ಟ. ಖಾಸಗಿ ಎಫ್‌ಎಂ ಕೇಂದ್ರಗಳಾಗಲೀ ಸಮುದಾಯ ಬಾನುಲಿ ಕೇಂದ್ರಗಳಾಗಲೀ ಸ್ವಂತವಾಗಿ ಸುದ್ದಿ ಬಿತ್ತರಿಸುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಯಥಾವತ್ತಾಗಿ ಮರುಪ್ರಸಾರ ಮಾಡಬಹುದು, ಅಷ್ಟೇ. ಬೇರೆಯವರ ಬಾಯಿ ಮುಚ್ಚಿಸಿ ಒಬ್ಬನಿಗೇ ಮಾತಾಡುವ ಅವಕಾಶ ಕೊಟ್ಟ ಮೇಲೆ, ಆ ಒಬ್ಬನು ಎಲ್ಲರ ಪರವಾಗಿ ಮಾತಾಡುವುದು ಕಡ್ಡಾಯ ಋಣ.

ಈ ಸಂಸ್ಥೆಗಳಿಂದ ಒಳಿತೇ ಆಗಿಲ್ಲವೆಂದರೆ ಸುಳ್ಳಾದೀತು. 1975-76ರ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗವು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ.ಯನ್ನು ಕೊಂಡೊಯ್ದಾಗ ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅದರ ಫಲವಾಗಿ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು. ಕೃಷಿರಂಗದಂತಹ ಕಾರ್ಯಕ್ರಮಗಳಿಂದ ಬಿತ್ತನೆಯ ಬುದ್ಧಿ ಕಲಿತ ರೈತರು ನಮ್ಮ ನಡುವೆ ಇದ್ದಾರೆ. ದೇಶ ವಿಭಜನೆಯ ಕ್ರೌರ್ಯವನ್ನು ನಿಷ್ಠುರವಾಗಿ ಚಿತ್ರಿಸಿದ 'ತಮಸ್' ಧಾರಾವಾಹಿಯನ್ನು ತಡೆಯಬೇಕೆಂದು 1988ರಲ್ಲಿ ಅರ್ಜಿ ಬಂದಾಗ ಸುಪ್ರೀಮ್ ಕೋರ್ಟು ಅದನ್ನು ತಳ್ಳಿಹಾಕಿತು, ದೂರದರ್ಶನ ಅದನ್ನು ದೇಶಕ್ಕೆ ತೋರಿಸಿತು. ಕೋಮುವಾದವನ್ನು ಪ್ರಶ್ನಿಸುವ ಆನಂದ ಪಟವರ್ಧನರ ಸಾಕ್ಷ್ಯಚಿತ್ರವನ್ನು ದೂರದರ್ಶನ ನಿರಾಕರಿಸಿದಾಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ ಸುಪ್ರೀಮ್ ಕೋರ್ಟು ಪ್ರಸಾರ ಮಾಡುವಂತೆ ಆದೇಶಿಸಿತು. ಒಬ್ಬ ಪ್ರಜೆ ಹಟ ಹಿಡಿದು ಕೇಳಿದರೆ ಸನದಿಗೆ ಜೀವ ಬರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಆದರೆ ಕೇಳುವವರು ಯಾರು? ಕಲಬುರಗಿ ದೂರದರ್ಶನದ ಭೂಮಂಡಲ ಪ್ರಸಾರ ಯಂತ್ರವನ್ನು ಹಳೆಯ ತಂತ್ರಜ್ಞಾನವೆಂದು 2021ರ ಕೊನೆಯಲ್ಲಿ ನಿಲ್ಲಿಸಲು ಹೊರಟಾಗ, ಕಾರ್ಯಕ್ರಮ ತಯಾರಿಕೆ ಮುಂದುವರಿಯುವುದೆಂದು ಪ್ರಸಾರ ಭಾರತಿ ಸಮಜಾಯಿಷಿ ನೀಡಿತು. ಅದರಲ್ಲಿ ಬೀದರ್ ಜಿಲ್ಲೆಯ ಪಾಲೆಷ್ಟು, ಉರ್ದುವಿನ ಪಾಲೆಷ್ಟು ಎಂದು ಕೇಳಬೇಕಾದವರು ಕೇಳಿದರೇ? 2023ರ ಜನವರಿಯಲ್ಲಿ ಕೇಂದ್ರ ಸಂಪುಟವು ಪ್ರಸಾರ ಜಾಲದ ವಿಸ್ತರಣೆಗಾಗಿ 2,539 ಕೋಟಿ ರೂಪಾಯಿಗೂ ಮಿಕ್ಕಿದ ಯೋಜನೆಗೆ ಒಪ್ಪಿಗೆ ನೀಡಿತು. ದೂರದ, ಬುಡಕಟ್ಟು ಮತ್ತು ಗಡಿ ಪ್ರದೇಶಗಳ ಮನೆಗಳಿಗೆ 8 ಲಕ್ಷಕ್ಕೂ ಹೆಚ್ಚು ಉಚಿತ ಡಿಶ್ ಪೆಟ್ಟಿಗೆಗಳನ್ನು ಹಂಚುವುದು ಅದರ ಒಂದು ಭಾಗ. ಅವುಗಳಲ್ಲಿ ಔರಾದ್ ಮತ್ತು ಕಮಲನಗರ ತಾಲ್ಲೂಕುಗಳಿಗೆ ಎಷ್ಟು ಬಂದವು? ನಮ್ಮ ಸಮುದಾಯದ ಸಂಘಟನೆಗಳು ಮೀಸಲಾತಿ, ವಕ್ಫ್, ವಿದ್ಯಾರ್ಥಿವೇತನಗಳ ಕುರಿತು ಮನವಿ ಸಲ್ಲಿಸುತ್ತವೆ. ಅದು ಸರಿಯೇ. ಚಾನೆಲಿನ ದ್ವೇಷಭಾಷಣ ಕೇಳಿ ಮನೆಯಲ್ಲಿ ಕುದಿಯುತ್ತವೆ. ಆದರೆ 12ನೇ ಸೆಕ್ಷನ್ ಹಿಡಿದು ಒಂದು ಪತ್ರ ಬರೆಯುವುದಿಲ್ಲ. ಮಸೀದಿಯ ಕಮಿಟಿಯೊಂದು ಆಕಾಶವಾಣಿ ಕೇಂದ್ರದ ಬಾಗಿಲು ತಟ್ಟಿ, ನಮ್ಮ ಊರಿನ ಲಸಿಕೆ, ಶಾಲೆ, ವದಂತಿಗಳ ಬಗ್ಗೆ ನಮ್ಮ ಭಾಷೆಯಲ್ಲಿ ಮಾತಾಡಿರಿ ಎಂದು ಕೇಳಿದ ಉದಾಹರಣೆ ಅಪರೂಪ. ಹಕ್ಕನ್ನು ಭಿಕ್ಷೆಯೆಂದು ಭಾವಿಸಿದವನಿಗೆ ಎರಡೂ ದಕ್ಕುವುದಿಲ್ಲ.

ನಮ್ಮ ಬೇಡಿಕೆಗಳು ಸರಳ. ಕಾಯಿದೆ ಹೇಳಿದ ಸಂಸದೀಯ ಸಮಿತಿಯನ್ನೂ ಪ್ರಸಾರ ಮಂಡಲಿಯನ್ನೂ ರಚಿಸಬೇಕು, ದೂರು ಹೇಳಲು ಪ್ರಜೆಗೊಂದು ವಿಳಾಸ ಸಿಗಬೇಕು. ನಿಗಮದ ಹಣ ಸಚಿವರ ಮರ್ಜಿಯಿಂದಲ್ಲ, ಸಂಸತ್ತು ನಿಗದಿಪಡಿಸಿದ ನಿಧಿಯಿಂದ ಬರಬೇಕು. ಹತ್ತು ವರ್ಷಕ್ಕೊಮ್ಮೆ ಸನದಿನ ಸಾರ್ವಜನಿಕ ವಿಮರ್ಶೆ ನಡೆಯಬೇಕು. ಅದರ ವಿಚಾರಣೆ ದೆಹಲಿಯಲ್ಲಿ ಮಾತ್ರವಲ್ಲ, ಬೀದರಿನಂತಹ ಗಡಿ ಜಿಲ್ಲೆಗಳಲ್ಲಿಯೂ ನಡೆಯಬೇಕು. ಗಡಿ ಮತ್ತು ಅಲ್ಪಸಂಖ್ಯಾತರ ವಿಧಿಗಳನ್ನು ಪ್ರತಿ ಕೇಂದ್ರವೂ ಎಷ್ಟು ಗಂಟೆ, ಯಾವ ಭಾಷೆಯಲ್ಲಿ ಪಾಲಿಸಿತೆಂಬ ಲೆಕ್ಕ ವರ್ಷವರ್ಷವೂ ಪ್ರಕಟವಾಗಬೇಕು.

ಸರಕಾರ ಇದನ್ನು ತಾನಾಗಿ ಮಾಡದು. ಮಾಹಿತಿ ಹಕ್ಕು ಕಾಯಿದೆ 2005ರಿಂದ ನಮ್ಮ ಕೈಯಲ್ಲಿದೆ, ಪ್ರಸಾರ ಭಾರತಿಯೂ ಅದರ ವ್ಯಾಪ್ತಿಯಲ್ಲಿದೆ. ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ ಕಾಗದ, ಮೂವತ್ತು ದಿನಗಳ ಗಡುವು. ಠಾಣಾ ಕುಶನೂರಿನಿಂದ, ಭಾಲ್ಕಿಯಿಂದ, ಔರಾದಿನಿಂದ ಪದವಿ ಓದಿದ ಹುಡುಗ ಹುಡುಗಿಯರು ತಲಾ ಒಂದು ಅರ್ಜಿ ಬರೆಯಲಿ. ಅರ್ಜಿಗೆ ಹಿಂದೂ, ಮುಸ್ಲಿಮ್, ಲಂಬಾಣಿ, ಲಿಂಗಾಯತ, ದಲಿತ ನೆರೆಹೊರೆಯವರೆಲ್ಲ ಸಹಿ ಹಾಕಲಿ. ಏಕೆಂದರೆ ಗಡಿ, ಬಡತನ ಮತ್ತು ಮೌನ ಅವರೆಲ್ಲರಿಗೂ ಸೇರಿದ್ದು. ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಲಿ. ಬಂದ ಉತ್ತರವನ್ನು ಸಂಸದರ ಮುಂದಿಟ್ಟು, ಸಂಸತ್ತಿನಲ್ಲಿ ಇದನ್ನು ಕೇಳುವಿರಾ ಎಂದು ಪ್ರಶ್ನಿಸಲಿ. ಬಹುಜನರ ಹಿತ, ಬಹುಜನರ ಸುಖ ಎಂಬುದು ಆಕಾಶವಾಣಿಯ ಧ್ಯೇಯವಾಕ್ಯ. ಆ ಬಹುಜನರಲ್ಲಿ ತಾವೂ ಇದ್ದೇವೆಯೇ ಎಂದು ಕೇಳುವ ಅಧಿಕಾರವನ್ನು ಸಂಸತ್ತೇ ಅವರಿಗೆ ಬರೆದುಕೊಟ್ಟಿದೆ.